ಎರಡನೇ ತೊಟ್ಟಿಯ ನೀರು

ಅಪ್ಪ ಊಟಕ್ಕೆ ಕೂತಿದ್ದಾಗ ಮಾವ ನೇರ ಒಳಗೆ ಬಂದು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಅಮ್ಮನ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೇ ನಿಂತಿತು. ಮಾವ ಅಮ್ಮನ ಒಡಹುಟ್ಟಿದ ತಮ್ಮ. ಆದರೂ ನನಗೆ ಬುದ್ಧಿ ತಿಳಿದಾಗಿನಿಂದ ಗೇಟಿನಾಚೆಯೇ ನಿಂತು ಅಕ್ಕನ ಹತ್ತಿರ ಮಾತಾಡಿ ಹೋಗುವವರು. ಅವರು ನಮ್ಮ ಹೊಸ್ತಿಲು ದಾಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಕರೀದೇ ಊಟದ ಹೊತ್ತಿಗೆ ಬರೋದು ನೊಣ, ಇಲ್ಲಾ ಬೆಕ್ಕು,” ಎಂದರು ಅಪ್ಪ, ತಲೆ ಎತ್ತದೆ. “ನೀನು ಯಾವುದಪ್ಪ?”

“ನಾನು ಕೋಲು, ಭಾವ. ನೀವೇ ಇಟ್ಟ ಹೆಸರು. ನೀವೇ ಮರೆತ್ರೆ ಹೇಗೆ?”

ಅಮ್ಮ ಇನ್ನೊಂದು ತಟ್ಟೆ ತೆಗೆದಿಟ್ಟಳು.

“ಬೇಡಕ್ಕ, ಈ ಮನೆ ಊಟ ನನ್ನ ಗಂಟಲಲ್ಲಿ ಇಳಿಯಲ್ಲ,” ಎಂದು ಮಾವ ನನ್ನ ಕಡೆ ತಿರುಗಿದರು. “ಕೋಣದ ಚರಿತ್ರೆ ಬರೀತಿದೀಯಂತೆ. ನನ್ನ ಬಗ್ಗೆ ಏನು ಬರೆದೆ?”

ಕೋಣ ಎಂದರೆ ಒಂದು ಹಡಗು. ಯುದ್ಧದ ಟ್ಯಾಂಕುಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಹೋಗಿ, ಬಂದರಿಲ್ಲದ ದಡಕ್ಕೆ ಮೂತಿ ಊರಿ, ಬಾಯಿ ತೆರೆದು ಅವನ್ನು ಮರಳಿನ ಮೇಲೆ ಇಳಿಸುವ ನೌಕಾಪಡೆಯ ಹಡಗು. ಸರ್ಕಾರ ಅದಕ್ಕೊಂದು ಗಂಭೀರವಾದ ಹೆಸರಿಟ್ಟಿತ್ತು. ಅದರಲ್ಲಿ ದುಡಿದವರು ಮಾತ್ರ ಕೋಣ ಎಂದೇ ಕರೆದರು. ತಳ ಚಪ್ಪಟೆ, ಬಾಯಿ ದೊಡ್ಡದು, ಅಲೆಯಿಲ್ಲದ ನೀರಿನಲ್ಲೂ ಹೊರಳಾಟ. ಅಪ್ಪ ಅದರ ಪಂಪಿನ ಕೋಣೆ ನೋಡಿಕೊಳ್ಳುತ್ತಿದ್ದರು. ಮಾವ ಮೂತಿಯ ಬಾಗಿಲಿನವರು. ಹಡಗು ಮರಳಿಗೆ ತಗುಲಿ ನಿಂತು, ರ‍್ಯಾಂಪು ಎಂಬ ಇಳಿಜಾರು ಹಲಗೆ ಕೆಳಗಿಳಿದ ಕೂಡಲೇ ಅದರ ತುದಿಗೆ ಓಡಿ, ಬಣ್ಣದ ಪಟ್ಟಿ ಬಳಿದ ಉದ್ದನೆಯ ಕೋಲನ್ನು ನೀರಿಗಿಳಿಸಿ ಆಳ ನೋಡುವುದು ಅವರ ಕೆಲಸ. ಅವರು ಕೈ ಬೀಸಿದರೆ ಟ್ಯಾಂಕು ಇಳಿಯಬೇಕು, ಕೈ ಅಡ್ಡ ಹಿಡಿದರೆ ನಿಲ್ಲಬೇಕು. ಆ ಹಡಗಿನ ಸ್ನೇಹದಲ್ಲೇ ಅಪ್ಪ ತಮ್ಮ ಜೊತೆಗಾರನ ಅಕ್ಕನನ್ನು ಮದುವೆಯಾದದ್ದು. ಆಮೇಲೆ ಹಾಗೆ ದಡಕ್ಕೆ ಟ್ಯಾಂಕು ಇಳಿಸಿದ ಒಂದೇ ಒಂದು ಇಳಿತ ಆ ಸ್ನೇಹವನ್ನು ನುಂಗಿತು.

ಈಗ ಕೋಣ ಗುಜರಿಗೆ ಹೋಗಲಿತ್ತು. ಹಳೆಯ ನಾವಿಕರ ಸಂಘಕ್ಕೆ ಅದರ ಸೇವೆಯ ಚರಿತ್ರೆ ಪುಸ್ತಕವಾಗಬೇಕೆಂದು ಆಸೆ. ಇತಿಹಾಸದಲ್ಲಿ ಪದವಿ ಪಡೆದು ಕೆಲಸವಿಲ್ಲದೆ ಕೂತ ಮಗಳು ಮನೆಯಲ್ಲೇ ಇರುವಾಗ ಹೊರಗೆ ಯಾಕೆ ಹುಡುಕಬೇಕು ಎಂದು ಅಪ್ಪ ನನ್ನನ್ನು ತಳ್ಳಿದ್ದರು. ಆ ಇಳಿತದ ಬಗ್ಗೆ ವಿಚಾರಣೆಯ ತೀರ್ಪಿನಲ್ಲಿದ್ದುದನ್ನೇ ನಾನು ಎತ್ತಿ ಬರೆದಿದ್ದೆ. ಮಾವ ಕೇಳಿದ್ದರಿಂದ ಓದಿದೆ: “ರ‍್ಯಾಂಪ್ ನಾವಿಕನ ಅಳತೆಯ ತಪ್ಪಿನಿಂದ ಮೊದಲ ಟ್ಯಾಂಕು ಆಳಕ್ಕಿಳಿದು ಮುಳುಗಿತು. ಅದರೊಳಗಿದ್ದ ಸೈನಿಕರು ಮೃತಪಟ್ಟರು.”

“ಈ ಸಾಲು ಅಚ್ಚಾಗಬಾರದು,” ಎಂದರು ಮಾವ.

“ವಿಚಾರಣೆಯಲ್ಲಿ ತೀರ್ಮಾನ ಆದದ್ದು,” ಎಂದರು ಅಪ್ಪ.

“ಆ ವಿಚಾರಣೆಯಲ್ಲಿ ನೀವೇನು ಹೇಳಿದ್ರಿ ಭಾವ?”

“ಕೇಳಿದ್ದಕ್ಕೆ ಉತ್ತರ ಹೇಳಿದೆ.”

“ಕೇಳದೆ ಇದ್ದದ್ದಕ್ಕೆ?”

ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಅವರು ಹಾಗೆ ಮಾಡುವವರಲ್ಲ. ಹಿತ್ತಲ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಮಾವ ಒಂದು ಗಳಿಗೆ ಆ ಬಾಗಿಲನ್ನೇ ನೋಡಿ, “ನೋಡಿದ್ಯೇನಕ್ಕ, ಈಗಲೂ ಎದ್ದು ಹೋಗೋದೇ,” ಎಂದು ಬಂದ ದಾರಿಯಲ್ಲೇ ಹೋದರು. ಅಮ್ಮ ತೆಗೆದಿಟ್ಟ ತಟ್ಟೆಯನ್ನು ಮತ್ತೆ ಒಳಗಿಟ್ಟಳು. ಏನು ನಡೆದದ್ದು ಎಂದು ನಾನು ಕೇಳಿದೆ.

“ನನಗೆ ಇಬ್ಬರೂ ಹೇಳಿಲ್ಲ,” ಎಂದಳು. “ಕೇಳಿ ಕೇಳಿ ಬಿಟ್ಟೆ. ಗಂಡನ ಬಾಯಿಗೆ ಬೀಗ, ತಮ್ಮನ ಬಾಯಿಗೆ ಹೊಲಿಗೆ. ನಾನು ಇಬ್ಬರಿಗೂ ಬೇಯಿಸಿ ಹಾಕೋಳು.”

ಬಾಯಿಬಿಟ್ಟವರು ಹಡಗಿನ ಅಡುಗೆಯವರು, ಅದೂ ತಾವೇನು ಹೇಳುತ್ತಿದ್ದೇವೆಂದು ಗೊತ್ತಿಲ್ಲದೆ. ಅವರು ಹಡಗುಕಟ್ಟೆಯ ಗೇಟಿನೆದುರು ಸಣ್ಣದೊಂದು ಊಟದ ಅಂಗಡಿ ಇಟ್ಟುಕೊಂಡಿದ್ದಾರೆ. ಪುಸ್ತಕಕ್ಕೆ ತಮಾಷೆಯ ಸಂಗತಿಗಳು ಬೇಕೆಂದು ಹೋಗಿದ್ದೆ. ಅಂಗಡಿಯ ಹಿಂದೆ ಮಗುಚಿದ ಡಬ್ಬದ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದರು.

“ಬರ್ಕೋ ತಾಯಿ. ಆ ಕೋಣದಲ್ಲಿ ಅಡುಗೆ ಮಾಡೋದು ಅಂದ್ರೆ ಉಯ್ಯಾಲೆ ಮೇಲೆ ಕೂತು ಗಡ್ಡ ಹೆರೆಸ್ಕೊಂಡ ಹಾಗೆ. ಏನು ಬೇಯಿಸಿದ್ರೂ ಅರ್ಧ ನೆಲಕ್ಕೆ, ಉಳಿದದ್ದು ಗೋಡೆಗೆ. ಗೋಡೆಯಿಂದ ಕೆರೆದು ಕ್ಯಾಪ್ಟನ್‌ಗೆ ಬಡಿಸ್ತಿದ್ದೆ. ರುಚಿ ಅಂತಿದ್ದ, ಪುಣ್ಯಾತ್ಮ.” ಕಣ್ಣೊರೆಸಿಕೊಂಡು ಮುಂದುವರಿಸಿದರು. “ಆದ್ರೆ ಒಂದು ಸುಖ ಇತ್ತು ನೋಡು. ಬೇರೆ ಹಡಗಿನವರು ಉಪ್ಪುನೀರಲ್ಲಿ ಮಿಂದು ಒಣಮೀನಿನ ಥರ ಇರೋರು. ನಾವು? ಸಿಹಿನೀರು, ತಲೆ ಮೇಲೆ ಸುರ್ಕೊಳ್ಳೋವಷ್ಟು. ಎಲ್ಲಾ ನಿಮ್ಮಪ್ಪನ ದಯೆ.”

“ಅಷ್ಟು ನೀರು ಎಲ್ಲಿ ಇಡ್ತಿದ್ರಿ?”

“ಮೂತಿಯ ಎರಡನೇ ತೊಟ್ಟೀಲಿ. ಪಂಪಿನ ಕೋಣೆ ಬೋರ್ಡಲ್ಲಿ ಯಾವಾಗ ನೋಡಿದ್ರೂ ಸೀಮೆಸುಣ್ಣದಲ್ಲಿ ‘ಖಾಲಿ’. ಒಳಗೆ ಇಣುಕಿದ್ರೆ ಕೆರೆ. ಕ್ಯಾಪ್ಟನ್‌ಗೆ ಬಿಟ್ಟು ಎಲ್ರಿಗೂ ಗೊತ್ತಿತ್ತು.”

ತೊಟ್ಟಿಗಳ ಕೆಲಸ ಏನೆಂದು ಅಪ್ಪನೇ ನನಗೆ ಪಾಠ ಹೇಳಿದ್ದರು. ಕೋಣದಂಥ ಹಡಗು ನಡುಗಡಲಿನಲ್ಲಿ ಹೋಗುವಾಗ ಭಾರಕ್ಕೆಂದು ತೊಟ್ಟಿಗಳಿಗೆ ಸಮುದ್ರದ ನೀರು ತುಂಬಿಸುತ್ತಾರೆ. ದಡ ಹತ್ತುವ ಮೊದಲು ಮೂತಿಯ ತೊಟ್ಟಿಗಳನ್ನು ಪೂರ್ತಿ ಖಾಲಿ ಮಾಡಬೇಕು. ಮೂತಿ ಹಗುರಾಗಿ ಮೇಲೆದ್ದರೆ ಹಡಗು ನೀರಿನಡಿಯ ಮರಳ ದಿಬ್ಬಗಳ ಮೇಲೆ ಜಾರಿ ದಡದ ತನಕ ಹೋಗಿ ಕೂರುತ್ತದೆ. ಏಳದಿದ್ದರೆ ಮೊದಲು ಸಿಕ್ಕ ದಿಬ್ಬವೇ ಅದರ ದಡ.

“ದಡಕ್ಕೆ ಹೋಗೋ ದಿನ ಆ ಎರಡನೇ ತೊಟ್ಟೀನೂ ಖಾಲಿ ಮಾಡ್ತಿದ್ರಾ?” ಎಂದು ಕೇಳಿದೆ.

“ಮಾಡ್ತಿದ್ರು. ಅಭ್ಯಾಸದ ಇಳಿತ ಇದ್ದಾಗೆಲ್ಲ ಹಿಂದಿನ ಸಂಜೇನೇ ಬಿಟ್ಟುಬಿಡೋರು.”

“ಟ್ಯಾಂಕು ಮುಳುಗಿದ ದಿನ?”

ಚಾಕು ನಿಂತಿತು. ಅಡುಗೆಯವರು ಹೆಚ್ಚಿದ ಈರುಳ್ಳಿಯನ್ನು ಒಟ್ಟು ಮಾಡಿದರು, ಮತ್ತೆ ಹರಡಿದರು, ಮತ್ತೆ ಒಟ್ಟು ಮಾಡಿದರು.

“ನಾನು ಅಡುಗೆಯವನು ತಾಯಿ. ಪಂಪಿನ ವಿಷ್ಯ ಪಂಪಿನವರನ್ನ ಕೇಳು,” ಎಂದು ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಮನೆಗೆ ಬಂದಾಗ ಅಪ್ಪ ಹಿತ್ತಲಲ್ಲಿ ನಲ್ಲಿಯ ವಾಷರ್ ಬದಲಿಸುತ್ತಿದ್ದರು. ನಾನು ಸುತ್ತಿ ಬಳಸಲಿಲ್ಲ. ಆ ದಿನ ಎರಡನೇ ತೊಟ್ಟಿಯಲ್ಲಿ ನೀರಿತ್ತೇ ಎಂದು ಕೇಳಿದೆ.

“ಯಾವನು ಬೊಗಳಿದ್ದು?”

“ಇತ್ತಾ ಅಪ್ಪ?”

“ಬೋರ್ಡಲ್ಲಿ ಖಾಲಿ ಅಂತ ಇತ್ತು.”

“ನಾನು ಬೋರ್ಡ್ ಕೇಳಲಿಲ್ಲ.”

ಅಪ್ಪ ಎದ್ದು ನಿಂತರು. ಕೈಯಲ್ಲಿದ್ದ ಸ್ಪ್ಯಾನರನ್ನು ಒಮ್ಮೆ ನೋಡಿ ಕಟ್ಟೆಯ ಮೇಲಿಟ್ಟರು. “ನಿನ್ನನ್ನ ಓದಿಸಿದ್ದು ಆ ಪಂಪಿನ ಕೋಣೆ. ನೀನು ಮೈಗೆ ಹಾಕ್ಕೊಂಡಿರೋದು, ಹೊಟ್ಟೆಗೆ ತಿಂದದ್ದು, ಎಲ್ಲಾ ಅಲ್ಲಿಂದ ಬಂದದ್ದು. ಅದರೊಳಗೆ ಮೂಗು ತೂರಿಸಬೇಡ. ಹಡಗು ಎಲ್ಲೆಲ್ಲಿ ಹೋಯ್ತು, ಏನೇನು ಹೊತ್ತುಕೊಂಡು ಹೋಯ್ತು, ಅಷ್ಟು ಬರಿ. ಕೊನೇಲಿ ಜೈ ಅನ್ನು. ಮುಗೀತು.”

ಅಪ್ಪ ಇಲ್ಲ ಎನ್ನಲಿಲ್ಲ. ಸುಳ್ಳು ಹೇಳುವುದು ಅವರ ಜಾಯಮಾನವಲ್ಲ ಎಂದು ಅಮ್ಮ ಹೆಮ್ಮೆಯಿಂದ ಹೇಳುತ್ತಿದ್ದಳು, ಅದು ನಿಜವೂ ಹೌದು. ಸುಳ್ಳಿನ ಅಗತ್ಯವೇ ಬೀಳದ ಹಾಗೆ ಮಾತನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಅವರಿಗೆ ಗೊತ್ತಿತ್ತು. ಅಂಥ ಮೌನದೊಳಗೆ ಒಬ್ಬ ಮನುಷ್ಯ ಎಷ್ಟು ವರ್ಷ ಬೇಕಾದರೂ ಮರ್ಯಾದೆಯಿಂದ ಬದುಕಬಹುದು, ಪಕ್ಕದಲ್ಲಿ ಇನ್ನೊಬ್ಬ ಮರ್ಯಾದೆ ಕಳೆದುಕೊಂಡು ಬದುಕಲು ಒಪ್ಪಿದರೆ.

ಮಾವ ದೋಣಿಕಟ್ಟೆಯಲ್ಲಿ ಹಗ್ಗ ಎಸೆಯುವ ಕೆಲಸ ಮಾಡುತ್ತಾರೆ. ನೌಕಾಪಡೆಯಿಂದ ಹೊರಹಾಕಿದ ಮೇಲೆ ಸಿಕ್ಕಿದ ಕೆಲಸ ಅದೊಂದೇ. ಆಚೆ ದಂಡೆಯ ದೋಣಿ ಬಂದಾಗ ಗೂಟಕ್ಕೆ ಹಗ್ಗ ಸುತ್ತಿ, ಜನ ಇಳಿದ ಮೇಲೆ ಬಿಚ್ಚುವುದು. ನಾನು ಹೋದಾಗ ದೋಣಿ ಆಗಷ್ಟೇ ಹೊರಟಿತ್ತು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

“ಯಾರು ಹೇಳಿದ್ರು? ಬೇಡ, ಹೇಳಬೇಡ. ಹೇಳಿದವನು ಈಗಾಗ್ಲೇ ನಾಲಿಗೆ ಕಚ್ಕೊಂಡಿರ್ತಾನೆ.”

“ನೀವೇ ಯಾಕೆ ಹೇಳಲಿಲ್ಲ ಮಾವ? ವಿಚಾರಣೆಯಲ್ಲಾದ್ರೂ ಹೇಳಬಹುದಿತ್ತು.”

ಅವರು ಒದ್ದೆ ಹಗ್ಗವನ್ನು ಸುರುಳಿ ಸುತ್ತುತ್ತ ಹೇಳಿದರು. “ನಾನು ಹೇಳಿದ್ರೆ ಅದು ಚಾಡಿ. ಸಿಕ್ಕಿಬಿದ್ದವನು ಇನ್ನೊಬ್ಬನ ತಲೆಗೆ ಕಟ್ತಾನೆ ಅಂತಾರೆ. ನಿಮ್ಮಪ್ಪ ಹೇಳಿದ್ರೆ ಅದು ಸತ್ಯ. ಬಾಗಿಲ ಹೊರಗಿನ ಬೆಂಚಿನ ಮೇಲೆ ಇಬ್ರೂ ಪಕ್ಕಪಕ್ಕ ಕೂತಿದ್ವಿ. ಮೊದಲು ಅವರನ್ನ ಕರೆದ್ರು. ಭಾವ ಹೇಳ್ತಾರೆ, ನನ್ನಕ್ಕನ ಗಂಡ, ಹೇಳೇ ಹೇಳ್ತಾರೆ ಅಂತ ಕೂತಿದ್ದೆ. ಹೊರಗೆ ಬಂದ್ರು. ಟೋಪಿ ಸರಿ ಮಾಡ್ಕೊಂಡು ಮುಂದೆ ಹೋದ್ರು. ನನ್ನ ಕಡೆ ತಿರುಗಲಿಲ್ಲ. ಅಲ್ಲಿಗೆ ಗೊತ್ತಾಯ್ತು.”

“ನಾನು ಬರೀತೀನಿ.”

“ನೀನು ಬರೆದ್ರೆ ಮಾವನ ಮೇಲಿನ ಮಮತೆ ಅಂತಾರೆ. ನನಗೆ ಕನಿಕರ ಬೇಡ ಕಣೇ. ರ‍್ಯಾಂಪಿನ ತುದೀಲಿ ನೀರು ಸೊಂಟದ ಮಟ್ಟ ಇತ್ತು. ಕೋಲು ಅದನ್ನೇ ಹೇಳ್ತು, ನಾನು ಕೈ ಬೀಸಿದೆ. ನಾವು ಕೂತಿದ್ದು ದಡದ ಮೇಲಲ್ಲ, ದಿಬ್ಬದ ಮೇಲೆ. ದಿಬ್ಬದಾಚೆ ಮಡು. ಅಲ್ಲಿಗೆ ನನ್ನ ಕೋಲು ಮುಟ್ಟಲ್ಲ. ನನ್ನ ಅಳತೆ ಸರಿ ಇತ್ತು. ಅಷ್ಟೇ ಒಂದು ಮಾತು, ಅದೂ ನಿಮ್ಮಪ್ಪನ ಬಾಯಿಂದ ಬರಬೇಕು. ಬೇರೆ ಯಾರ ಬಾಯಿಂದ ಬಂದ್ರೂ ನನಗದು ಬೇಡ.”

ಆದರೂ ನಾನು ಬರೆದೆ. ಸಂಘದ ಸಭೆಯಲ್ಲಿ ಕರಡನ್ನು ಓದಬೇಕಿತ್ತು. ಬಣ್ಣದ ಅಂಗಡಿಯ ಮಹಡಿಯ ಮೇಲೊಂದು ಕೋಣೆ, ಕೆಳಗಿನಿಂದ ಟರ್ಪೆಂಟೈನ್ ವಾಸನೆ ಏರಿ ಬರುತ್ತಿತ್ತು. ಗೋಡೆಯ ತುಂಬ ಕೋಣದ ಫೋಟೋಗಳು, ಎಲ್ಲದರಲ್ಲೂ ಬಾಯಿ ತೆರೆದೇ ಇತ್ತು. ಅಧ್ಯಕ್ಷರು ಹಡಗಿನಲ್ಲಿ ಬಾವುಟದ ಸಂಜ್ಞೆ ಮಾಡುತ್ತಿದ್ದವರು. ಈಗಲೂ ಮಾತಿಗೊಮ್ಮೆ ಎರಡೂ ಕೈ ಎತ್ತುತ್ತಿದ್ದರು. ಅಪ್ಪ ಮುಂದಿನ ಸಾಲಿನಲ್ಲಿ, ಅಡುಗೆಯವರು ಅವರ ಹಿಂದೆ. ಮಾವ ಬಾಗಿಲ ಬಳಿ ಒಂದು ಮುರುಕು ಸ್ಟೂಲಿನ ಮೇಲೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರನ್ನು ಯಾರೂ ಮಾತಾಡಿಸಲಿಲ್ಲ. ಒಬ್ಬರು ಮಾತ್ರ, “ಮಹಡಿಗೆ ಎಷ್ಟು ಮೆಟ್ಟಿಲು ಅಂತ ಅಳೆದುಕೊಂಡು ಬಂದ್ಯಾ, ಇಲ್ಲಾ ಅಂದಾಜಾ?” ಎಂದರು. ಸುತ್ತಲಿದ್ದವರು ನಕ್ಕರು. ಮಾವನೂ ನಕ್ಕರು, ಹಲ್ಲು ಮಾತ್ರ.

ನಾನು ಓದುತ್ತ ಹೋದೆ. ಕೋಣ ನೀರಿಗಿಳಿದದ್ದು, ಅಭ್ಯಾಸದ ಇಳಿತಗಳು, ಪ್ರವಾಹದಲ್ಲಿ ಒಂದು ದ್ವೀಪದವರನ್ನು ದನಕರುಗಳ ಸಮೇತ ಹೊತ್ತು ತಂದದ್ದು. ತಲೆಗಳು ತೂಗಿದವು. ಆಮೇಲೆ ಆ ದಿನ ಬಂತು. “ಮೂತಿಯ ಎರಡನೇ ತೊಟ್ಟಿಯಲ್ಲಿ ಸ್ನಾನಕ್ಕೆಂದು ಇಟ್ಟ ನೀರನ್ನು ಖಾಲಿ ಮಾಡಿರಲಿಲ್ಲ. ಮೂತಿ ಏಳದೆ ಹಡಗು ದಿಬ್ಬದ ಮೇಲೆ ಕೂತಿತು. ರ‍್ಯಾಂಪ್ ನಾವಿಕನ ಅಳತೆಯಲ್ಲಿ ತಪ್ಪಿರಲಿಲ್ಲ.”

ಕೆಳಗಿನ ಅಂಗಡಿಯಲ್ಲಿ ಯಾರೋ ಡಬ್ಬದ ಮುಚ್ಚಳ ಬಡಿಯುತ್ತಿದ್ದರು. ಆಮೇಲೆ ಎಲ್ಲ ಮುಖಗಳೂ ಒಟ್ಟಿಗೆ ಮಾವನ ಕಡೆ ತಿರುಗಿದವು.

“ಚಾಡಿ ಹೇಳೋಕೆ ಇಷ್ಟು ವರ್ಷ ಬೇಕಾಯ್ತೇನೋ ಕೋಲು?” ಎಂದಿತು ಹಿಂದಿನ ಸಾಲಿನ ಒಂದು ದನಿ. “ಅದೂ ಭಾವನ ಮಗಳ ಕೈಲಿ ಬರೆಸಿ. ಹೆಂಗಸರ ಹಿಂದೆ ನಿಂತು ಕಲ್ಲೆಸೆಯೋನು.”

“ಮಾವ ಹೇಳಿದ್ದಲ್ಲ,” ಎಂದೆ.

“ಮತ್ತೆ ಯಾರು? ಹೇಳು.”

ಅಡುಗೆಯವರು ತಮ್ಮ ಉಗುರು ನೋಡುತ್ತ ಕೂತಿದ್ದರು. ಅವರ ಅಂಗಡಿಗೆ ಊಟಕ್ಕೆ ಬರುವವರೆಲ್ಲ ಇವರೇ. ನಾನು ಹೆಸರು ಹೇಳಲಿಲ್ಲ. ಆ ಹಡಗಿನ ಅಭ್ಯಾಸ ನನಗೂ ಇಷ್ಟು ಬೇಗ ಅಂಟಿತಲ್ಲ ಎನ್ನಿಸಿತು.

ಅಧ್ಯಕ್ಷರು ಎರಡೂ ಕೈ ಎತ್ತಿದರು. “ಗಲಾಟೆ ಯಾಕೆ? ಆ ಇಳಿತವನ್ನೇ ಪುಸ್ತಕದಿಂದ ಬಿಟ್ಟುಬಿಡೋಣ. ಅದಿಲ್ಲದೆಯೂ ಚರಿತ್ರೆ ಬೇಕಾದಷ್ಟಿದೆ. ಕೋಲಿಗೂ ಕೆಟ್ಟ ಹೆಸರಿಲ್ಲ, ಪಂಪಿನವರಿಗೂ ಇಲ್ಲ. ಸತ್ತವರು ಸೇನೆಯವರು. ಅವರ ಲೆಕ್ಕ ಅವರವರು ಬರ್ಕೊಳ್ಳಲಿ. ಒಪ್ಪಿಗೆ ಇರೋರು ಕೈ ಎತ್ತಿ.”

ಕೈಗಳು ಎದ್ದವು. ಅಪ್ಪನ ಕೈಯೂ ಎದ್ದಿತು, ಭುಜದ ಮಟ್ಟಕ್ಕೆ.

“ಬೇಡ,” ಎಂದು ಮಾವ ಎದ್ದು ನಿಂತರು. “ಮೊದಲು ಬರೆದಿದ್ದ ಸಾಲೇ ಇರಲಿ. ಅಳತೆ ತಪ್ಪಿತು ಅನ್ನೋದೇ ಇರಲಿ.”

“ನಿನಗೆ ತಲೆ ಕೆಟ್ಟಿದೆ,” ಎಂದರು ಅಧ್ಯಕ್ಷರು. “ಅದನ್ನ ತೆಗೆಸಬೇಕು ಅಂತಾನೇ ಅಲ್ವಾ ನೀನು ಬಂದದ್ದು?”

“ಹೌದು, ಅದಕ್ಕೇ ಬಂದೆ. ಆದ್ರೆ ಆ ಟ್ಯಾಂಕಿನ ಡ್ರೈವರ್ ತಲೆ ಹೊರಗೆ ಹಾಕ್ಕೊಂಡು ನನ್ನ ಕೈ ನೋಡ್ತಿದ್ದ. ಬೀಸಿದೆ. ಹೋಗಿ ಬರ್ತೀನಿ ಅನ್ನೋ ಹಾಗೆ ಅವನೂ ಕೈ ಬೀಸಿದ. ಅವನು ಎಲ್ಲಿ ಮುಳುಗಿದ ಅಂತ ಒಂದು ಪುಸ್ತಕದಲ್ಲೂ ಇಲ್ಲ ಅಂದ್ರೆ ಅದು ಸರಿಯಲ್ಲ. ನನ್ನ ಮುಖಕ್ಕೆ ಮಸಿ ಹೊಸದಲ್ಲ, ಇರಲಿ.” ಅವರು ಅಪ್ಪನ ಬೆನ್ನನ್ನು ನೋಡಿದರು. “ಭಾವನ ತೊಟ್ಟಿ ವಿಷ್ಯ ತೆಗೆದುಬಿಡು. ಅಕ್ಕನ ಮನೆ ತಣ್ಣಗಿರಲಿ. ನಾನು ಬಿಟ್ಟುಕೊಟ್ಟೆ.”

ಅಪ್ಪನ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಅವರು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದರು.

“ಸಾಕು ನಿಲ್ಲಿಸೋ. ನಿನ್ನ ಭಿಕ್ಷೆಯಲ್ಲಿ ಬದುಕೋ ಗತಿ ನನಗೆ ಬಂದಿಲ್ಲ.” ನನ್ನ ಕಡೆ ಬೆರಳು ತೋರಿಸಿದರು. “ಬರಿ. ಎರಡನೇ ತೊಟ್ಟಿ ತುಂಬಿತ್ತು. ತುಂಬಿಸಿದ್ದು ನಾನು. ಹಿಂದಿನ ಸಂಜೆ ಬಿಡೋಕೆ ಅಂತ ವಾಲ್ವಿಗೆ ಕೈ ಹಾಕಿದ್ದೆ. ಬೇಡ, ನಾಳೆ ದಡದಿಂದ ಬಂದ ಮೇಲೆ ಮೈ ತೊಳೆಯೋಕೆ ನೀರೆಲ್ಲಿ ಅಂತ ಅಡ್ಡ ಬಂದವರು ಇಲ್ಲಿ ಕೂತಿರೋರೇ. ಕೈ ಎತ್ತಿದ್ರಲ್ಲ ಈಗ, ಅವೇ ಕೈಗಳು. ಇವನೂ ಬಂದಿದ್ದ. ‘ಇರ್ಲಿ ಬಿಡಿ ಭಾವ, ಎಷ್ಟು ಮಹಾ ಭಾರ’ ಅಂದದ್ದು ಇದೇ ಕೋಲು.”

“ಅಂದೆ,” ಎಂದರು ಮಾವ. “ಅನ್ನಲಿಲ್ಲ ಅಂತ ಯಾವತ್ತೂ ಹೇಳಿಲ್ಲ.”

“ಟ್ಯಾಂಕು ಮುಳುಗಿದ ಮೇಲೆ ನಾನೇ ಕೆಳಗಿಳಿದು ವಾಲ್ವ್ ಬಿಚ್ಚಿ ಪಂಪು ಹಾಕಿದೆ,” ಎಂದು ಅಪ್ಪ ಸಭೆಯ ಕಡೆ ತಿರುಗಿದರು. “ಸ್ನಾನದ ನೀರು ಹೊರಗೆ ಹೋಯ್ತು. ಹೋದ ಕೂಡ್ಲೇ ಕೋಣ ಮೂತಿ ಎತ್ತಿ ದಿಬ್ಬದಿಂದ ಜಾರಿತು. ಕಾಲ ಕೆಳಗೆ ಹಡಗು ಎದ್ದದ್ದು ನಿಮಗೆ ಯಾರಿಗೂ ಗೊತ್ತಾಗಲಿಲ್ವಾ? ಯಾಕೆ ಎದ್ದಿತು ಅಂತ ಗೊತ್ತಾಗದೇ ಇದ್ದವನು ಇಲ್ಲಿ ಯಾರಿದಾನೆ? ಒಬ್ಬ ಎದ್ದು ನಿಲ್ಲಲಿ.”

ಯಾರೂ ಏಳಲಿಲ್ಲ.

“ಕೋಲಿನ ವಿಷ್ಯ ಹೇಳಿ ಭಾವ,” ಎಂದರು ಮಾವ. ದನಿಯಲ್ಲಿ ಬೇಡಿಕೆಯಿರಲಿಲ್ಲ, ಸಾಕ್ಷಿಯನ್ನು ಕರೆದು ನಿಲ್ಲಿಸಿದ ಹಾಗಿತ್ತು.

ಅಪ್ಪ ಹಿಂದಕ್ಕೆ ತಳ್ಳಿದ ಕುರ್ಚಿಯನ್ನು ಮತ್ತೆ ಎಳೆದುಕೊಂಡರು. ಮತ್ತೆ ಅವರ ಹಳೆಯ ಜಾಗಕ್ಕೆ, ಆ ಮೌನದೊಳಕ್ಕೆ ಹಿಂದಿರುಗಿದರೆಂದೇ ನಾನು ಎಣಿಸಿದೆ.

“ಕೋಲು ಸರಿ ಇತ್ತು,” ಎಂದರು. ಬಾಯಿಗೆ ಸಿಕ್ಕ ಕಲ್ಲನ್ನು ಉಗುಳಿದ ಹಾಗೆ ಅಂದರು. “ಅಳತೆ ಸರಿ ಇತ್ತು. ಆಯ್ತಾ? ಹೊಟ್ಟೆ ತುಂಬಿತಾ?”

ಮಾವ ಚೀಲ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು.

“ಹೀಗೆಲ್ಲ ಬರೆಯೋದಾದ್ರೆ ಸಂಘದ ಹೆಸರು ಹಾಕೋ ಹಾಗಿಲ್ಲ,” ಎಂದರು ಅಧ್ಯಕ್ಷರು, ಈ ಸಲ ಕೈ ಎತ್ತದೆ.

“ನನ್ನ ಹೆಸರು ಹಾಕು,” ಎಂದರು ಅಪ್ಪ ನನಗೆ.

ಒಬ್ಬೊಬ್ಬರಾಗಿ ಎದ್ದರು. ಅಪ್ಪನ ಕುರ್ಚಿಯನ್ನು ಬಳಸಿ, ಅವರ ಭುಜಕ್ಕೆ ಭುಜ ತಾಗದ ಹಾಗೆ ಹೋದರು. ಅಡುಗೆಯವರು ಕೊನೆಗೆ ಹೊರಟವರು, ಬಾಗಿಲಲ್ಲಿ ನಿಂತು ಅಪ್ಪನಿಗೆ, “ಇನ್ನು ಮೇಲೆ ನಮ್ಮ ಅಂಗಡಿ ಕಡೆ ಬರೋದು ಬೇಡಪ್ಪ, ಜನ ಕಡಿಮೆ ಆಗ್ತಾರೆ,” ಎಂದು ಇಳಿದರು. ಮಾವ ಇಷ್ಟು ವರ್ಷ ಕೂತಿದ್ದ ಸ್ಟೂಲು ಯಾವುದೆಂದು ಅಪ್ಪನಿಗೆ ಆಗ ಗೊತ್ತಾಗಿರಬೇಕು.

ನಾವು ಬಸ್ಸು ಹತ್ತಿದಾಗ ಮಾವ ಅದರಲ್ಲಿದ್ದರು. ಬಸ್ಸು ತುಂಬಿತ್ತು. ಖಾಲಿಯಿದ್ದದ್ದು ಅವರ ಪಕ್ಕದ ಸೀಟೊಂದೇ, ಅದರ ಮೇಲೆ ಅವರ ಚೀಲವಿತ್ತು. ಅಪ್ಪ ಆ ಸೀಟಿನ ಪಕ್ಕದಲ್ಲೇ ಕಂಬಿ ಹಿಡಿದು ನಿಂತರು. ಬಸ್ಸು ತಿರುವಿನಲ್ಲಿ ವಾಲಿದಾಗ ಅವರ ಮೊಣಕಾಲು ಚೀಲಕ್ಕೆ ತಗುಲುತ್ತಿತ್ತು. ಮಾವ ಕಿಟಕಿಯಾಚೆ ನೋಡುತ್ತಿದ್ದರು. ಕಂಡಕ್ಟರ್ ಬಂದು, “ಚೀಲ ಕೆಳಗಿಡಿ ಸ್ವಾಮಿ, ವಯಸ್ಸಾದವರು ನಿಂತಿದಾರೆ,” ಎಂದ.

“ಅವರಿಗೆ ನಿಂತು ಅಭ್ಯಾಸ ಆಗಬೇಕು,” ಎಂದರು ಮಾವ.

ದೋಣಿಕಟ್ಟೆಯ ನಿಲ್ದಾಣದಲ್ಲಿ ಅವರು ಚೀಲ ಹೆಗಲಿಗೇರಿಸಿ ಇಳಿದರು. ನನಗೆ ಬರ್ತೀನಿ ಎನ್ನಲಿಲ್ಲ. ಬಸ್ಸು ಮುಂದೆ ಹೋಯಿತು. ಸೀಟು ಖಾಲಿಯಾಗಿತ್ತು.

“ಕೂತ್ಕೊಳ್ಳಿ ಅಪ್ಪ,” ಎಂದೆ.

ಅಪ್ಪ ಕಂಬಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಮನೆ ಬರುವ ತನಕ ನಿಂತೇ ಇದ್ದರು.